‘ಬೆಟಗೇರಿ ಮನಿ’ ಗ್ರೂಪಿನಾಗ ಬಂದ ಫಾರ್ವರ್ಡು

ನಮ್ಮ ಮನೆತನದ ವಾಟ್ಸಾಪ್ ಗ್ರೂಪಿಗೆ ‘ಬೆಟಗೇರಿ ಮನಿ’ ಅಂತ ಹೆಸರು. ಗದಗಿಗೆ ಅಂಟಿಕೊಂಡ ಬೆಟಗೇರಿಯಲ್ಲಿದ್ದ ಆ ಮನಿ ಮಾರಿ ಹದಿನೇಳು ವರ್ಷವಾಯ್ತು, ಹೆಸರಷ್ಟೇ ಉಳಿದಿದೆ. ನಲವತ್ತೊಂದು ಮಂದಿ ಇದ್ದೇವೆ. ಬರೆಯುವವರು ಆರು, ‘ಆಮೆನ್’ ಹಾಕುವವರು ಹತ್ತು. ಉಳಿದವರು ಯಾರು ಯಾರು ಅಂತ ಅಡ್ಮಿನ್ ಆದ ನನಗೂ ಪೂರಾ ಗೊತ್ತಿಲ್ಲ. ಅರ್ಧ ನಂಬರಿಗೆ ನನ್ನ ಫೋನಿನಲ್ಲಿ ಹೆಸರೇ ಇಲ್ಲ.

ಗುರುವಾರ ಸಂಜೆ ಎಂಟರ ಸುಮಾರಿಗೆ ಶಾಂತಾ ಅತ್ತಿ ಒಂದು ಫಾರ್ವರ್ಡ್ ಹಾಕಿದರು. ಮೇಲೆ ಜೋಡಿ ಬಾಣ, ಅದರ ಕೆಳಗೆ ಗಡ್ಡ ಬಿಟ್ಟ ಒಬ್ಬ ಮುದುಕನ ಫೋಟೋ.

“ಕಣ್ಣು ತೆರೆಸುವ ಸತ್ಯ ಘಟನೆ!! ನಮ್ಮ ಕರ್ನಾಟಕದ್ದೇ!! ಹತ್ತು ಸಾವಿರ ಸದಸ್ಯರಿರುವ ಸಭೆಗೆ ಹೊಸ ಪಾಸ್ಟರ್ ಭಿಕ್ಷುಕನ ವೇಷದಲ್ಲಿ ಬಂದರು. ಮಾತಾಡಿಸಿದವರು ಮೂವರೇ. ಊಟಕ್ಕೆ ಚಿಲ್ಲರೆ ಕೇಳಿದರೆ ಒಬ್ಬರೂ ಕೊಡಲಿಲ್ಲ. ಮುಂದಿನ ಸಾಲಿನಲ್ಲಿ ಕುಳಿತಾಗ ಎಬ್ಬಿಸಿ ಹಿಂದೆ ಕಳಿಸಿದರು. ಆಮೇಲೆ ಹಿರಿಯರು ‘ನಮ್ಮ ಹೊಸ ಪಾಸ್ಟರ್’ ಎಂದು ಕರೆದಾಗ ಅದೇ ಭಿಕ್ಷುಕ ಎದ್ದು ಹೋಗಿ ಮತ್ತಾಯ 25ನೇ ಅಧ್ಯಾಯದ ‘ನಾನು ಹಸಿದಿದ್ದೆನು, ನೀವು ನನಗೆ ಊಟ ಕೊಟ್ಟಿರಿ’ ಎಂಬ ಭಾಗ ಓದಿದರು. ಜನರೆಲ್ಲ ಅತ್ತರು. ಹತ್ತು ಜನರಿಗೆ ಕಳಿಸಿ.”

ಕೆಳಗೆ ಅತ್ತಿಯ ಸ್ವಂತ ಮಾತು: “ನಮ್ಮ ಸಭೇದಾಗೂ ಹಿಂಗ ಆಗೇತಿ. ಸಂಬಂಧಪಟ್ಟವರು ಓದ್ರಿ.”

ಆ ‘ಸಂಬಂಧಪಟ್ಟವರು’ ಸತ್ಯದಾಸ ದೊಡ್ಡಪ್ಪ. ಹಿಂದಿನ ಕಮಿಟಿಯಲ್ಲಿ ಅವರು ಸೆಕ್ರೆಟರಿ ಇದ್ದಾಗ, ಬಾಗಿಲಲ್ಲಿ ನಿಂತು ಬಂದವರ ಕೈಕುಲುಕುವ ಸ್ವಾಗತ ತಂಡದಿಂದ ಅತ್ತಿಯ ಹೆಸರು ಬಿಟ್ಟುಹೋಗಿತ್ತು. ಬಿಟ್ಟುಹೋಯಿತೋ ತೆಗೆದರೋ ಎಂಬುದು ಮೂರು ಕ್ರಿಸ್‌ಮಸ್ ದಾಟಿದರೂ ತೀರ್ಮಾನವಾಗಿಲ್ಲ. ಅತ್ತಿ ಈಗಲೂ ಬಾಗಿಲಲ್ಲಿ ನಿಲ್ಲುತ್ತಾರೆ, ಆದರೆ ಚಪ್ಪಲಿ ಬಿಡುವ ಕಡೆ.

ದೊಡ್ಡಪ್ಪನಿಗಿಂತ ಮೊದಲು ಪ್ರಕಾಶಣ್ಣ ಬಂದ. ಬೆಂಗಳೂರಲ್ಲಿ ಇದ್ದಾನೆ, ಯಾರ ಹುಟ್ಟುಹಬ್ಬಕ್ಕೂ ವಿಶ್ ಮಾಡುವುದಿಲ್ಲ. ಫಾರ್ವರ್ಡ್ ಬಿದ್ದರೆ ಮಾತ್ರ ಎಲ್ಲಿದ್ದರೂ ಎದ್ದು ಬರುತ್ತಾನೆ.

“ಅತ್ತಿ, ಊರಿನ ಹೆಸರಿಲ್ಲ, ಪಾಸ್ಟರ್ ಹೆಸರಿಲ್ಲ. ಹತ್ತು ಸಾವಿರ ಮಂದಿನ್ನ ಎಲ್ಲಿ ಕೂಡಿಸಿದ್ರು? ನೆಹರೂ ಮೈದಾನದಾಗ ಆರಾಧನಿ ಇಟ್ಟಿದ್ರೇನು? ಸೋರ್ಸ್ ಹಾಕ್ರಿ.”

“ಒಳ್ಳೇದನ್ನ ಒಳ್ಳೇದು ಅನ್ನಾಕ ಸೋರ್ಸ್ ಬೇಕೇನಪ್ಪಾ? ನಿಮ್ಮಪ್ಪ ಹಿಂಗ ಮಾತಾಡ್ತಿದ್ದಿಲ್ಲ.”

“ಅಪ್ಪನ್ನ ಯಾಕ ತರ್ತೀರಿ ನಡುವ?”

ಹೀಗೆ ಎರಡು ನಿಮಿಷ ಹೋಯಿತು. ಆಮೇಲೆ ಪ್ರಕಾಶಣ್ಣ ಒಂದು ಉದ್ದ ಮೆಸೇಜ್ ಹಾಕಿದ. ಅದನ್ನು ಪೂರ್ತಿ ಓದಿದವಳು ಬಹುಶಃ ನಾನೊಬ್ಬಳೇ ಅಂದುಕೊಂಡಿದ್ದೆ, ಆಗ. ಅವನು ಬರೆದದ್ದು ಇಷ್ಟು: ಈ ಕಥೆ 2013ರ ಜುಲೈಯಲ್ಲಿ ಫೇಸ್‌ಬುಕ್ಕಿನಲ್ಲಿ ಇಂಗ್ಲಿಷಿನಲ್ಲಿ ಓಡಾಡಿದ್ದು. ಆಗ ಪಾಸ್ಟರಿಗೆ ಜೆರೆಮಾಯ ಸ್ಟೀಪೆಕ್ ಅಂತ ಹೆಸರಿತ್ತು. ಅಂಥ ಪಾಸ್ಟರೂ ಇಲ್ಲ, ಅಂಥ ಸಭೆಯೂ ಇಲ್ಲ. ಫೋಟೋದಲ್ಲಿರುವವನು ಲಂಡನ್ನಿನ ರಿಚ್‌ಮಂಡ್‌ನಲ್ಲಿ ನಿಜವಾಗಿಯೂ ಬೀದಿಯಲ್ಲಿದ್ದ ಮನುಷ್ಯ, ಪಾಸ್ಟರ್ ಅಲ್ಲ. ಕನ್ನಡಕ್ಕೆ ಬರುವಾಗ ಯಾರೋ ಹೆಸರು ಕಿತ್ತು ‘ನಮ್ಮ ಕರ್ನಾಟಕದ್ದೇ’ ಅಂತ ಅಂಟಿಸಿದ್ದಾರೆ. ಹತ್ತು ಸಾವಿರ ಮಾತ್ರ ಹಾಗೇ ಉಳಿದಿದೆ.

ಕೊನೆಯಲ್ಲಿ ಇನ್ನೊಂದು ಮಾತಿತ್ತು. ಅದೇ ವರ್ಷ ಅಮೆರಿಕದ ಟೆನೆಸ್ಸಿ ರಾಜ್ಯದ ಕ್ಲಾರ್ಕ್ಸ್‌ವಿಲ್‌ನಲ್ಲಿ ವಿಲಿ ಲೈಲ್ ಎಂಬ ಮೆಥೊಡಿಸ್ಟ್ ಪಾಸ್ಟರ್ ಇಂಥದ್ದೇ ಕೆಲಸ ನಿಜವಾಗಿಯೂ ಮಾಡಿದ್ದರು. ಹೊಸ ಸಭೆಗೆ ಸೇರುವ ಮೊದಲು ಕೆಲವು ದಿನ ಬೀದಿಯಲ್ಲಿ ಕಳೆದು, ಭಾನುವಾರ ಚರ್ಚಿನ ಅಂಗಳದ ಮರದ ಕೆಳಗೆ ಮಲಗಿದ್ದರು. ಆಮೇಲೆ ಪ್ರಸಂಗ ಮಾಡುತ್ತಿರುವಾಗಲೇ ಎಲ್ಲರ ಎದುರು ಅವರ ಸೊಸೆ ಅವರ ಕೂದಲು ಕತ್ತರಿಸಿ, ಗಡ್ಡ ಬೋಳಿಸಿದಳು.

ನಿಜವಾಗಿ ನಡೆದದ್ದು ಸುಳ್ಳಿಗಿಂತ ರುಚಿಯಾಗಿತ್ತು. ಆದರೆ ಗ್ರೂಪಿಗೆ ಬೇಕಾದ ಮಾತು ಅದಾಗಿರಲಿಲ್ಲ. 8:26ಕ್ಕೆ ದೊಡ್ಡಪ್ಪ ಬಂದರು. ನಿವೃತ್ತ ಹೆಡ್‌ಮಾಸ್ತರ್, ಮೆಸೇಜಿಗೂ ‘ಮಾನ್ಯರೇ’ ಅಂತ ಶುರು ಮಾಡುವವರು.

“ಮಾನ್ಯರೇ, ನಮ್ಮ ಸಭೆ ಮ್ಯಾಲೆ ಈ ಆಪಾದನಿ ಸಲ್ಲದು. ಅಬ್ರಹಾಮ ಮಮ್ರೆಯ ಮರಗಳ ಹತ್ತಿರ ಗುಡಾರದ ಬಾಗಲದಾಗ ಕೂತಿದ್ದ. ಮೂರು ಮಂದಿ ಪರದೇಶಿಗಳ್ನ ಕಂಡು ಓಡಿಹೋಗಿ ಕರಕೊಂಡು ಬಂದ, ಕಾಲಿಗೆ ನೀರು ಕೊಟ್ಟ. ಪರದೇಶಿಗಳ್ನ ಸತ್ಕರಿಸೋದು ಮರೀಬ್ಯಾಡ್ರಿ ಅಂತ ಇಬ್ರಿಯರಿಗೆ ಬರೆದ ಪತ್ರಿಕೆ 13:2ರಾಗ ಐತಿ, ಎಲ್ಲಾರೂ ತಗದು ನೋಡ್ರಿ. ನಾವೂ ಅದನ್ನ ಮಾಡ್ಕೋತ ಬಂದೀವಿ.”

“ದೊಡ್ಡಪ್ಪಾರ, ಅತ್ತಿ ನಿಮ್ಮ ಹೆಸರು ಎಲ್ಲಿ ತಗೊಂಡಾರ್ರಿ? ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡಂಗಾತು.” ಇದು ಪ್ರಕಾಶಣ್ಣ.

ಗಾದೆ ಹಾಕುವ ಮೊದಲು ಅವನು ಯೋಚಿಸಬೇಕಿತ್ತು. ನಮ್ಮ ಮನೆತನದಲ್ಲಿ ಕುಂಬಳಕಾಯಿ ಬರೇ ಗಾದೆಯಲ್ಲ.

“ಕುಂಬಳಕಾಯಿ ಅಂದಕೂಡ್ಲೆ ನೆನಪಾತು ನೋಡು,” ಅತ್ತಿ. “2011ರ ಸುಗ್ಗಿ ಹಬ್ಬದ ಲಿಲಾವಿನಾಗ ನಮ್ಮನಿಯವರು ಹಿತ್ತಲದಾಗ ಬೆಳೆದ ಕಾಯಿ ಕೊಟ್ಟಿದ್ರು. ಅಣ್ಣಾ ಅವರು ಎರಡು ಸಾವಿರದ ಆರುನೂರಕ್ಕ ಕೂಗಿ, ಹೊತ್ತಕೊಂಡು ಹೋದ್ರು. ರೊಕ್ಕ ಕಟ್ಟಿದ್ದು ಯಾರೂ ನೋಡಿಲ್ಲ.”

“ಶಾಂತಾ, ರಶೀದಿ ಐತಿ.”

“ಇದ್ರ ಹಾಕ್ರಿ.”

ಈ ಗದ್ದಲದ ನಡುವೆ 8:41ಕ್ಕೆ ಹೆಸರಿಲ್ಲದ ಒಂದು ನಂಬರಿನಿಂದ “ಭಾನುವಾರ ಆರಾಧನೆ ಎಷ್ಟು ಗಂಟೆಗೆ ರೀ?” ಅಂತ ಬಂತು. ಅದರ ಬೆನ್ನಿಗೇ ಮಸ್ಕತ್ತಿನಲ್ಲಿರುವ ವಿಜಯಣ್ಣ, ಶಾಂತಾ ಅತ್ತಿಯ ಮಗ, ಮೂರು ಮೆಸೇಜ್ ಸುರಿದ. “ಅವ್ವಾ ಆ ಕುಂಬಳಕಾಯಿ ಕಡಬು ನೆನಪೈತಿ.” “ಬೆಟಗೇರಿ ಮನಿ ಅಟ್ಟದ ಮ್ಯಾಲೆ ಕ್ರಿಸ್‌ಮಸ್ ಕರ್ಚಿಕಾಯಿ ಡಬ್ಬಿ ಇಡತಿದ್ರು, ನಾನು ಪ್ರಕಾಶ ಕೂಡಿ ಕದ್ದು ತಿಂದಿದ್ವಿ.” “ಬಡಿಗೇರ ಮಗ್ಗದ ಸಪ್ಪಳ ಈಗಲೂ ಕಿವ್ಯಾಗ ಐತಿ, ಟಕ್ಕ ಟಕ್ಕ.”

ಬಡಿಗೇರರಿಗೆ ಮಗ್ಗ ಇರಲಿಲ್ಲ, ಮಗ್ಗ ಇದ್ದದ್ದು ಎದುರು ಮನೆಯವರಿಗೆ ಎಂದು ಮತ್ತೊಬ್ಬರು ತಿದ್ದಿದರು. ಅದಕ್ಕೇ ಹದಿಮೂರು ಮೆಸೇಜ್ ಆದವು. ಗದಗಿನ ಸ್ಟೇಷನ್ ಎದುರಿನ ಮಿರ್ಚಿವರೆಗೂ ಹೋಗಿ ಬಂದರು.

ದೊಡ್ಡಪ್ಪ ಬಿಡುವವರಲ್ಲ. ಧಾತು-ಈಶ್ವರದ ಬರದ ಕಥೆ ತೆಗೆದರು. ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ ಇರುವ ಕಥೆ ಅದು. 1876ರಿಂದ 78ರ ತನಕ ಮಳೆ ಹೋಗಿ ಧಾರವಾಡ ಸೀಮೆಯೆಲ್ಲ ಹಸಿದಾಗ, ನಮ್ಮ ಮನೆತನದ ಮೊದಲ ಹೆಂಗಸು ಏಳು ವರ್ಷದ ಹುಡುಗಿ, ಬೆಟಗೇರಿಯ ಮಿಶನ್ನಿನ ಬಾಗಿಲಿಗೆ ಬಂದು ನಿಂತಳಂತೆ. ಜಾತಿ ಕೇಳಲಿಲ್ಲ, ಗಂಜಿ ಕೊಟ್ಟರಂತೆ.

“ಒಬ್ಬ ಪರದೇಶಿ ಕೂಸಿಗೆ ಬಾಗಲಾ ತಗದದ್ದಕ್ಕ ಇವತ್ತು ಈ ಗ್ರೂಪ್ ಐತಿ. ಭಿಕ್ಷುಕನ ವೇಷದ ಕಥಿ ಅಮೆರಿಕದಿಂದ ತರಬೇಕಾಗಿಲ್ಲ. ಉತ್ತಂಗಿ ಚೆನ್ನಪ್ಪನವರು ಪಾದ್ರಿಗಳಾಗಿದ್ದು ತಮ್ಮನ್ನ ತಾವು ‘ತಿರುಳ್ಗನ್ನಡದ ತಿರುಕ’ ಅಂತ ಕರಕೊಂಡ್ರು. ಸರ್ವಜ್ಞನ ವಚನ ಕೂಡಿಸಿ 1924ಕ್ಕ ಅಚ್ಚು ಹಾಕಿಸಿದ್ರು. 1949ಕ್ಕ ಕಲಬುರ್ಗಿ ಸಾಹಿತ್ಯ ಸಮ್ಮೇಳನಕ್ಕ ಅಧ್ಯಕ್ಷರಾದ್ರು. ಅದು ನಮ್ಮ ಪರಂಪರಾ.”

ಪ್ರಕಾಶಣ್ಣ ಇದನ್ನು ಒಪ್ಪಿದ, ಆದರೆ ಅವನ ರೀತಿಯಲ್ಲಿ. “ದೊಡ್ಡಪ್ಪಾರ, ಒಂದು ತಿರುವಿ ನೋಡ್ರಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು 1834ಕ್ಕ ಮಂಗಳೂರಿಗೆ ಬಂದ್ರು, 1837ಕ್ಕ ಧಾರವಾಡಕ್ಕ, 39ಕ್ಕ ಹುಬ್ಬಳ್ಳಿಗೆ, 41ಕ್ಕ ಬೆಟಗೇರಿಗೆ. ಭಾಷಾ ಬರ್ತಿದ್ದಿಲ್ಲ, ಬಿಸಲು ತಡೀತಿದ್ದಿಲ್ಲ. ಆವಾಗ ಪರದೇಶಿ ಯಾರು? ಅವ್ರಿಗೆ ಜಾಗಾ ಕೊಟ್ಟು, ಕನ್ನಡ ಕಲಿಸಿದವ್ರು ಈ ಊರ ಮಂದಿ. 1853ಕ್ಕ ಬಂದ ಕಿಟ್ಟೆಲ್ ಸಾಹೇಬ್ರ ನಿಘಂಟು 1894ಕ್ಕ ಹೊರಗ ಬಂತು. ನಲವತ್ತು ವರ್ಷ ಅವ್ರು ಕೇಳಿದ್ದಕ್ಕೆಲ್ಲಾ ಯಾರೋ ಕೂತು ಅರ್ಥ ಹೇಳ್ಯಾರಲ್ಲ, ಅವರ ಹೆಸರಿನ ಮ್ಯಾಲೆ ಒಂದು ಪ್ರಸಂಗ ಕೇಳೀರೇನು?”

ನನಗೆ ಇದು ಹಿಡಿಸಿತು. ಒಂದು ಹೆಬ್ಬೆಟ್ಟು ಹಾಕೋಣ ಅಂದುಕೊಂಡೆ. ಹಾಕಿದರೆ ದೊಡ್ಡಪ್ಪ ಫೋನ್ ಮಾಡುತ್ತಾರೆ ಅಂತ ಸುಮ್ಮನಾದೆ. ಬದಲಿಗೆ, ಅಬ್ರಹಾಮನ ವಿಷಯದಲ್ಲಿ ಒಂದು ಮಾತು ಹಾಕಿದೆ: “ಕರಕೊಂಡು ಬಂದಾಂವ ಅಬ್ರಹಾಮ ಖರೆ, ಮೂರು ಅಳತಿ ಹಿಟ್ಟು ನಾದಿ ರೊಟ್ಟಿ ಮಾಡಿದಾಕಿ ಸಾರಾ.” ಹೆಂಗಸರ ಕಡೆಯಿಂದ ಆರು ನಗುಮುಖ ಬಿದ್ದವು. ಆರನೆಯದು ಲಲಿತಾ ಕಾಕುದು.

ಕಾಕು ಈ ಗ್ರೂಪಿನಲ್ಲಿ ಬರೆಯುವುದಿಲ್ಲ. ಗುಂತಕಲ್ಲಿನ ರೈಲ್ವೆ ಮನೆತನದವರು, ನಮ್ಮ ಸಣ್ಣ ಕಾಕಾನನ್ನು ಮದುವೆಯಾಗಿ ಹುಬ್ಬಳ್ಳಿಗೆ ಬಂದವರು. ಅವತ್ತು ಬರೆದರು. ಟೈಪಿಂಗ್ ಅಂತ ಬಂತು, ಹೋಯಿತು, ಮತ್ತೆ ಬಂತು.

“1994 ಜೂನ್. ಮದುವಿ ಆದ ಮೊದಲನೇ ಭಾನುವಾರ. ನಾನು ಎರಡನೇ ಬೆಂಚಿಗೆ ಕೂತೆ. ‘ಅದು ನಮ್ಮ ಮನಿತನದ ಬೆಂಚ್ ಐತಿ, ಹಿಂದ ಕೂಡವ್ವಾ’ ಅಂದ್ರು. ಅಂದಾಕಿ ನಮ್ಮ ಅತ್ತಿ. ಆಕಿಗೆ ಗುರುತ ಸಿಗಲಿಲ್ಲ, ಮದುವ್ಯಾಗ ನನ್ನ ಮುಖದ ಮ್ಯಾಲೆ ಪರದಾ ಇತ್ತು.”

ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ಕಾಕು ಮುಂದುವರಿಸಿದರು.

“ಹಿಂದ ಹೋಗಿ ಕೂತೆ. ಅಲ್ಲಿ ಜರ್ಮನ್ ದವಾಖಾನಿ ನರ್ಸ್ ಒಬ್ರು ಕೂತಿದ್ರು. ಯಾರು ಏನು ಕೇಳಲಿಲ್ಲ. ಗೀತಿ ಪುಸ್ತಕ ನಮ್ಮಿಬ್ಬರ ನಡುವ ಇಟ್ಟು, ಹಾಡೋ ಸಾಲಿನ ಕೆಳಗ ಬೊಟ್ಟು ಸರಸ್ಕೋತ ಹೋದ್ರು. ನನಗ ತೆಲುಗು ಅಕ್ಷರ ಬರ್ತಿದ್ವು, ಕನ್ನಡ ಅರ್ಧ ತಿಳೀತಿತ್ತು. ಉಗುರಿಗೆ ಅಯೋಡಿನ್ ಕಲೆ ಇತ್ತು. ನಾಕು ಭಾನುವಾರ ಹಂಗ ತೋರಿಸಿದ್ರು. ಐದನೇ ಭಾನುವಾರ ಬೊಟ್ಟು ತಗದ್ರು. ನಾನು ಕನ್ನಡ ಓದಾಕ ಕಲಿತದ್ದು ಹಂಗ.”

ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯದಲ್ಲಿ ಇದೇ ಇದೆ. ಚಿನ್ನದ ಉಂಗುರ ಹಾಕಿಕೊಂಡು ಬಂದವನಿಗೆ ‘ಇಲ್ಲಿ ಕೂತುಕೋ’, ಕೊಳಕು ಬಟ್ಟೆಯವನಿಗೆ ‘ನೀನು ಅಲ್ಲಿ ನಿಲ್ಲು’. ಮೊದಲ ಶತಮಾನದ ಸಭೆಗೂ ಕೂಡುವ ಜಾಗದ ಜಗಳ ಇತ್ತು. ಕಾಕುಗೆ ಅತ್ತೆಯಾದ ನಮ್ಮಜ್ಜಿಗೆ ಆ ಪತ್ರಿಕೆ ಬಾಯಿಪಾಠ ಬರುತ್ತಿತ್ತು. ಆ ಎರಡನೇ ಬೆಂಚಿಗೆ ಒರಗಿಯೇ ಒಪ್ಪಿಸುತ್ತಿದ್ದಳು.

ಗ್ರೂಪಿನಲ್ಲಿ ಹನ್ನೊಂದು ನಿಮಿಷ ಏನೂ ಬರಲಿಲ್ಲ. ನಮ್ಮ ಗ್ರೂಪಿಗೆ ಅದು ದೊಡ್ಡ ಮೌನ. ಆಮೇಲೆ ವಿಜಯಣ್ಣ ಮಸ್ಕತ್ತಿನ ಒಂದು ಬೇಕರಿಯಲ್ಲಿ ಸಿಕ್ಕ ಕರ್ಚಿಕಾಯಿಯ ಫೋಟೋ ಹಾಕಿದ. ಶಾಂತಾ ಅತ್ತಿ ಬರೆದರು: “ಲಲಿತಾ, ಅವ್ವಗ ಕಣ್ಣು ಮಂಜಾಗಿದ್ವು ಆವಾಗ.” ದೊಡ್ಡಪ್ಪ ಬರೆದರು: “ಅಗಲಿದವರ ಬಗ್ಗೆ ಗ್ರೂಪಿನಲ್ಲಿ ಚರ್ಚೆ ಬೇಡ.” ಇಡೀ ಸಂಜೆಯಲ್ಲಿ ಅಣ್ಣ-ತಂಗಿ ಒಂದಾದದ್ದು ಅಲ್ಲಿ ಮಾತ್ರ. ಕಾಕು ಕೈಮುಗಿದ ಚಿತ್ರ ಹಾಕಿ ಸುಮ್ಮನಾದರು.

ಹತ್ತೂಕಾಲಿಗೆ ದೊಡ್ಡಪ್ಪ ಒಂದು ಫೋಟೋ ಹಾಕಿದರು. ಮಡಿಕೆಯ ಗುರುತಿನಲ್ಲಿ ಹರಿಯಲು ಬಂದ ನಸುಗೆಂಪು ರಶೀದಿ, ನೇರಳೆ ಶಾಯಿಯ ಮೊಹರು, ‘ಸುಗ್ಗಿ ಹಬ್ಬ, ಕುಂಬಳಕಾಯಿ 1, ರೂ. 2,600’. ಅವತ್ತಿನ ಚರ್ಚೆಯಲ್ಲಿ ಬಂದ ಮಾತುಗಳಲ್ಲಿ ದಾಖಲೆ ಸಮೇತ ಸಾಬೀತಾದದ್ದು ಇದೊಂದೇ. ಪ್ರಕಾಶಣ್ಣ ಹೆಬ್ಬೆಟ್ಟು ಹಾಕಿದ. ಅತ್ತಿ ನೋಡಿದರು, ಏನೂ ಬರೆಯಲಿಲ್ಲ. ಮರುದಿನ ಮುಂಜಾನೆ ಅದೇ ಭಿಕ್ಷುಕ ಪಾಸ್ಟರನ ಫಾರ್ವರ್ಡನ್ನು ಸ್ತ್ರೀಯರ ಸಂಘದ ಗ್ರೂಪಿನಲ್ಲೂ ಹಾಕಿದರಂತೆ.

ರಾತ್ರಿ ಮಲಗುವ ಮೊದಲು, ಮಗ್ಗ ಯಾರ ಮನೆಯಲ್ಲಿತ್ತು ಅಂತ ಕೊನೆಗೆ ಏನು ತೀರ್ಮಾನವಾಯಿತು ನೋಡೋಣ ಅಂತ ಮೇಲೆ ಸರಿಸುತ್ತ ಹೋದೆ. 8:41ರ ಮೆಸೇಜು ಆಗ ಕಣ್ಣಿಗೆ ಬಿತ್ತು. ‘ಭಾನುವಾರ ಆರಾಧನೆ ಎಷ್ಟು ಗಂಟೆಗೆ ರೀ?’ ಅದರ ಕೆಳಗೆ ನೂರಾ ಎಂಟು ಮೆಸೇಜ್ ಬಂದುಹೋಗಿದ್ದವು. ಯಾರ ನಂಬರು ಅಂತ ಒತ್ತಿ ನೋಡಿದೆ. ಮದುವೆ ಸೀರೆಯ ಫೋಟೋ. ದೀಪಕನ ಹೆಂಡತಿ, ರಾಣೆಬೆನ್ನೂರಿನ ಹುಡುಗಿ. ಮೇ ತಿಂಗಳಲ್ಲಿ ಮದುವೆಯಾಗಿ, ಹೋದ ವಾರವಷ್ಟೇ ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ದೀಪಕ ಪುಣೆಯಲ್ಲಿ. ಗ್ರೂಪಿಗೆ ಸೇರಿಸಿದವಳು ನಾನೇ. ‘ವೆಲ್‌ಕಮ್’ ಅಂತ ಹೂವಿನ ಸ್ಟಿಕ್ಕರ್ ಹಾಕಿದ್ದೆ, ನಂಬರ್ ಸೇವ್ ಮಾಡಿಕೊಂಡಿರಲಿಲ್ಲ.

ಗ್ರೂಪಿನಲ್ಲಿ ಬೇಡ ಅಂತ ಅವಳಿಗೇ ಬೇರೆ ಕಳಿಸಿದೆ. “ಒಂಬತ್ತು ಗಂಟೆಗೆ ಪುಟ್ಟಾ. ಸಾರಿ, ಈಗ ನೋಡಿದೆ.”

ಹನ್ನೊಂದೂವರೆಯಾಗಿತ್ತು, ಆದರೂ ಕೂಡಲೇ ಉತ್ತರ ಬಂತು. “ಗೊತ್ತಾತ್ರಿ ಅಕ್ಕಾ. ಆಮ್ಯಾಲೆ ನಾನ ಹೋಗಿ ಚರ್ಚಿನ ವಾಚ್‌ಮನ್‌ಗೆ ಕೇಳಿ ಬಂದೆ. ಯಾವ ಬೆಂಚಿಗೆ ಕೂಡಬಾರದು ಅಷ್ಟ ಹೇಳ್ರಿ.”

“ನಾ ಬಾಗಲದಾಗ ನಿಂತಿರ್ತೀನಿ, ಕೂಡೇ ಕೂಡೂಣು” ಅಂತ ಬರೆದು ಕಳಿಸಿದೆ. ಕಳಿಸಿದ ಮೇಲೆ ನೆನಪಾಯಿತು, ಈ ಭಾನುವಾರ ಸಂಡೇ ಸ್ಕೂಲಿನ ಪಾಳಿ ನನ್ನದು. ಒಂಬತ್ತಕ್ಕೆ ನಾನು ಹಿಂದಿನ ಕೋಣೆಯಲ್ಲಿ ಇಪ್ಪತ್ತು ಹುಡುಗರ ನಡುವೆ ಇರುತ್ತೇನೆ. ಪಾಳಿ ಬದಲಿಸಲು ಶಾಂತಾ ಅತ್ತಿಗೆ ಹೇಳಬೇಕು.