ಮೊಳಕೆ ರಾಗಿ ಗಂಜಿ ಯಾಕೆ ನೀರಾಗುತ್ತೆ?

ಚಿಂತಾಮಣಿ ಸೊಸೆ:
ಮಗುವಿಗೆ ಎಂಟು ತಿಂಗಳು. ಅತ್ತೆ ಹೇಳಿದ ಹಾಗೆ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಸ್ವಲ್ಪ ಹುರಿದು ಮಿಲ್ಲಿಗೆ ಕೊಟ್ಟೆ. ಹಿಟ್ಟೇನೋ ಘಮಘಮ ಅಂತಿದೆ. ಗಂಜಿ ಕಾಯಿಸಿದರೆ ಮಾತ್ರ ಮಜ್ಜಿಗೆ ಥರ ಹರಿಯುತ್ತೆ. ಮಾಮೂಲಿ ರಾಗಿ ಹಿಟ್ಟು ಇಷ್ಟೇ ಹಾಕಿದರೆ ಗಟ್ಟಿಯಾಗುತ್ತಿತ್ತು. ಅತ್ತೆ ಮಾಡುತ್ತಿದ್ದಾಗ ಇಷ್ಟು ತೆಳ್ಳಗಾಗುತ್ತಿರಲಿಲ್ಲವಂತೆ. ಮಿಲ್ಲಿನವರು ಏನಾದರೂ ಬೆರೆಸಿದರಾ? ಸತ್ವ ಹೋಯಿತಾ?

ಮಾಲೂರು ಹುಡುಗ:
ಮುಂದೆ ನಿಂತು ಬೀಸಿಸಿಕೊಳ್ಳಬೇಕು ಅಕ್ಕಾ. ನಮ್ಮ ಕಡೆ ಹಿಂದಿನವರ ಜೋಳದ ಹಿಟ್ಟೆಲ್ಲ ನಮ್ಮ ಡಬ್ಬಕ್ಕೇ ಬೀಳುತ್ತೆ.

ಕೋಲಾರದ ಬಯಾಲಜಿ ಮೇಷ್ಟ್ರು (ನಿವೃತ್ತ):
ಮಿಲ್ಲಿನವರನ್ನ ಬಿಟ್ಟುಬಿಡಿ ಪಾಪ. ನೀವು ಮೊಳಕೆ ಸರಿಯಾಗಿ ಬರಿಸಿದ್ದೀರಿ, ಅದಕ್ಕೇ ನೀರಾಗಿದೆ.

ರಾಗಿಯಲ್ಲಿ ಜಾಸ್ತಿ ಇರೋದು ಪಿಷ್ಟ. ಅಂದರೆ ಗ್ಲೂಕೋಸ್ ಒಂದಕ್ಕೊಂದು ಕೊಂಡಿ ಹಾಕಿಕೊಂಡ ಉದ್ದುದ್ದ ಸರಪಳಿ. ಕಾಯಿಸಿದಾಗ ಪಿಷ್ಟದ ಕಣ ನೀರು ಹೀರಿ ಉಬ್ಬುತ್ತೆ, ಗಂಜಿ ಗಟ್ಟಿಯಾಗುತ್ತೆ. ಆದರೆ ಮೊಳಕೆ ಬೆಳೆಯೋಕೆ ಸಕ್ಕರೆ ಬೇಕು. ಅದಕ್ಕೆ ನೆನೆದ ಕಾಳು ಅಮೈಲೇಸ್ ಅನ್ನೋ ಕಿಣ್ವವನ್ನ, ಅಂದರೆ ಎಂಜೈಮನ್ನ, ತಯಾರು ಮಾಡಿಕೊಳ್ಳುತ್ತೆ. ಬಿಸಿಲಲ್ಲಿ ಒಣಗಿಸಿ ಹದವಾಗಿ ಹುರಿದರೂ ಅದು ಪೂರ್ತಿ ಕೆಡಲ್ಲ. ಒಣ ಹಿಟ್ಟಲ್ಲಿ ಸುಮ್ನೆ ಕೂತಿರುತ್ತೆ. ನೀವು ತಣ್ಣೀರಲ್ಲಿ ಕಲಸಿ ಸಣ್ಣ ಉರಿಯಲ್ಲಿ ಇಟ್ಟಿರಿ ಅಲ್ವಾ? 60 ಡಿಗ್ರಿ ಆಸುಪಾಸಿಗೆ ಬಂದಾಗ ಅದಕ್ಕೆ ಹಬ್ಬ. ಕುದಿ ಬರುವಷ್ಟರಲ್ಲಿ ಸರಪಳಿಯೆಲ್ಲ ತುಂಡು ತುಂಡು. ಕುದಿದ ಮೇಲೆ ಅದೂ ಕೆಡುತ್ತೆ, ಆದರೆ ಅಷ್ಟರಲ್ಲಿ ಕೆಲಸ ಮುಗಿಸಿರುತ್ತೆ.

ಈ ಅಮೈಲೇಸ್ ಒಂದು ಪ್ರೋಟೀನು. ಅದರ ಮೈಯಲ್ಲೊಂದು ಸೀಳು ಇದೆ. ಪಿಷ್ಟದ ಸರಪಳಿ ಅಲ್ಲಿ ಕೂತರೆ ಒಂದು ಕೊಂಡಿ ಬಿಗಿಗೆ ಸಿಕ್ಕಿ ವಾರೆಯಾಗುತ್ತೆ. ನೀರಿನ ಅಣು ನುಗ್ಗಿ ಅದನ್ನ ಸುಲಭವಾಗಿ ಒಡೆಯುತ್ತೆ. ತುಂಡು ಹೊರಗೆ, ಕಿಣ್ವ ಮೊದಲಿದ್ದ ಹಾಗೇ ಇನ್ನೊಂದು ಕೊಂಡಿಗೆ ತಯಾರು. ತಾನು ಖರ್ಚಾಗಲ್ಲ, ಅದಕ್ಕೇ ಚಿಟಿಕೆಯಷ್ಟು ಸಾಕು. ಕೊಂಡಿ ಒಡೆಯೋಕೆ ಮೊದಲು ಬೇಕಾಗೋ ಶಕ್ತಿಯನ್ನ ಇಳಿಸೋದಷ್ಟೇ ಅದರ ಕೆಲಸ. ಆಗದ್ದನ್ನ ಆಗಿಸಲ್ಲ, ತೀರಾ ನಿಧಾನಕ್ಕೆ ಆಗೋದನ್ನ ಬೇಗ ಮಾಡುತ್ತೆ. ಪಿಯು ಪಾಠದಲ್ಲಿ ಜೈವಿಕ ವೇಗವರ್ಧಕ ಅಂತ ಎರಡು ಅಂಕಕ್ಕೆ ಬರೆಸಿ ಬಿಟ್ಟುಬಿಡ್ತೀವಿ, ಅಡುಗೆಮನೆ ತನಕ ಯಾರೂ ಬರಲ್ಲ. ಮೊತ್ತಮೊದಲು ಬೇರ್ಪಡಿಸಿದ ಕಿಣ್ವವೂ ಇದೇ ಜಾತಿಯದು. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಮೊಳಕೆ ಬಾರ್ಲಿಯಿಂದ ತೆಗೆದರು.

ಅನುಮಾನ ಇದ್ದರೆ ಹೀಗೆ ಮಾಡಿ. ಮಾಮೂಲಿ ರಾಗಿ ಹಿಟ್ಟಿನ ಗಂಜಿ ಗಟ್ಟಿಯಾಗಿ ಕಾಯಿಸಿ ಇಳಿಸಿ. ಬೆರಳಿಗೆ ಚುರುಕ್ ಅನ್ನುವಷ್ಟು ಬಿಸಿ ಇರುವಾಗ ನಿಮ್ಮ ಮೊಳಕೆ ಹಿಟ್ಟು ಅರ್ಧ ಚಮಚ ಹಾಕಿ ಕಲಕಿ. ನೋಡನೋಡುತ್ತಾ ಸಡಿಲವಾಗುತ್ತೆ. ಮಗುವಿಗೆ ಕೊಡೋದಾದರೆ ಮತ್ತೆ ಒಂದು ಕುದಿ ಕುದಿಸಿ.

ಸತ್ವ ಎಲ್ಲೂ ಹೋಗಿಲ್ಲ. ತೆಳ್ಳಗಿದೆ ಅಂತಲೇ ಹಿಟ್ಟು ಸ್ವಲ್ಪ ಜಾಸ್ತಿ ಹಾಕಬಹುದು. ಮಗುವಿನ ಪುಟ್ಟ ಹೊಟ್ಟೆಗೆ ಅದೇ ಲಾಭ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲೂ ಮೊಳಕೆ ರಾಗಿಯ ಮೇಲೆ ಕೆಲಸ ಮಾಡಿದ್ದಾರೆ. ಅತ್ತೆಯವರು ಕೆಂಪಗೆ ಹುರಿಯುತ್ತಿದ್ದರಾ ಅಂತ ಕೇಳಿ ನೋಡಿ.

ಚಿಂತಾಮಣಿ ಸೊಸೆ:
ಕೇಳಿದೆ ಸಾರ್. ಕಮ್ಮಗೆ ವಾಸನೆ ಬಂದು ಬಣ್ಣ ತಿರುಗೋ ತನಕ ಹುರೀತಿದ್ದರಂತೆ. ಇನ್ನೊಂದು ವಿಷಯ. ಮಗು ತಿಂದು ಬಿಟ್ಟ ಗಂಜಿ ಬಟ್ಟಲಲ್ಲೇ ನೀರು ಬಿಟ್ಟುಕೊಳ್ಳುತ್ತೆ, ಅದು ಮಾಮೂಲಿ ಹಿಟ್ಟಿನದ್ದೂ.

ಕೋಲಾರದ ಬಯಾಲಜಿ ಮೇಷ್ಟ್ರು (ನಿವೃತ್ತ):
ಹಾಗೆ ಹುರಿದರೆ ಕಿಣ್ವ ಬಹಳಷ್ಟು ಕೆಟ್ಟುಹೋಗುತ್ತೆ, ಗಂಜಿ ಗಟ್ಟಿ. ಬಟ್ಟಲಿನದ್ದು ಎಂಜಲಿನ ಕೆಲಸ. ಬಾಯಿಗಿಟ್ಟ ಚಮಚ ಮತ್ತೆ ಬಟ್ಟಲಿಗೆ ಹೋಗುತ್ತಲ್ಲ, ಎಂಜಲಲ್ಲೂ ಅಮೈಲೇಸ್ ಇದೆ.

ಶಿಡ್ಲಘಟ್ಟ ರೀಲರ್:
ಸಾರ್, ರಾಗಿ ಬಿಟ್ಟು ನಮ್ಮ ರೇಷ್ಮೆ ನೂಲು ಬಿಚ್ಚೋ ಕಸುಬಿಗೆ ಬನ್ನಿ. ಗೂಡು ತಂದು ತಡ ಮಾಡಿದರೆ ಚಿಟ್ಟೆ ತೂತು ಮಾಡಿ ಹೊರಗೆ ಬರುತ್ತೆ. ಆಮೇಲೆ ಆ ಗೂಡು ಬಿಚ್ಚಾಣಿಕೆಗೆ ಬರಲ್ಲ. ಅದಕ್ಕೇ ಆವಿಗೆ ಇಟ್ಟು ಹುಳ ಸಾಯಿಸೋದು. ಚಿಟ್ಟೆಗೆ ಹಲ್ಲಿಲ್ಲ, ಒಂಥರ ನೀರು ಉಗುಳುತ್ತೆ. ಅದೂ ಕಿಣ್ವನಾ?

ಕೋಲಾರದ ಬಯಾಲಜಿ ಮೇಷ್ಟ್ರು (ನಿವೃತ್ತ):
ಹೌದು, ಕೊಕೂನೇಸ್ ಅಂತ. ನಮ್ಮ ಸಣ್ಣ ಕರುಳಲ್ಲಿ ಪ್ರೋಟೀನ್ ಒಡೆಯೋ ಟ್ರಿಪ್ಸಿನ್‌ನ ಹತ್ತಿರದ ನೆಂಟ. ಮಜಾ ಏನಂದರೆ ಎಳೆಗಳನ್ನ ಹಿಡಿದಿರೋ ಅಂಟು, ಸೆರಿಸಿನ್, ಅದನ್ನ ಕರಗಿಸುತ್ತೆ. ಒಳಗಿನ ನೂಲಿನ ಪ್ರೋಟೀನು ಫೈಬ್ರೊಯಿನ್ ತೀರಾ ಒತ್ತಾಗಿ ಹೆಣೆದುಕೊಂಡಿರುತ್ತೆ, ಅದಕ್ಕೆ ಸುಲಭಕ್ಕೆ ಬಗ್ಗಲ್ಲ. ಅಂಟು ಸಡಿಲವಾದ ಮೇಲೆ ಚಿಟ್ಟೆ ಎಳೆಗಳನ್ನ ತಳ್ಳಿಕೊಂಡು ಬರುತ್ತೆ. ನೀವು ಸೋಪು, ಸೋಡಾ ಹಾಕಿ ಕುದಿಸಿ ತೆಗೆಯೋ ಅಂಟನ್ನ ಅದು ಬೆಂಕಿಯಿಲ್ಲದೆ ತೆಗೆಯುತ್ತೆ.

ಮಾಲೂರು ಹುಡುಗ:
ಬಟ್ಟೆ ಪೌಡರ್ ಪ್ಯಾಕೆಟ್ ಮೇಲೂ ಎಂಜೈಮ್ ಅಂತ ಬರೆದಿರ್ತಾರಲ್ಲ ಸಾರ್?

ಕೋಲಾರದ ಬಯಾಲಜಿ ಮೇಷ್ಟ್ರು (ನಿವೃತ್ತ):
ಅದರಲ್ಲೂ ಪ್ರೋಟೀನ್ ಒಡೆಯೋದು ಇರುತ್ತೆ, ರಕ್ತ, ಹಾಲಿನ ಕಲೆಗೆ. ಹತ್ತಿ ಬಟ್ಟೆಗೆ ಹಾಕಪ್ಪಾ, ಅಮ್ಮನ ರೇಷ್ಮೆ ಸೀರೆಗೆ ಹಾಕಬೇಡ. ಫೈಬ್ರೊಯಿನ್ ಗಟ್ಟಿ ನಿಜ, ಆದರೆ ಅದೂ ಪ್ರೋಟೀನೇ. ಮತ್ತೆ ಮತ್ತೆ ನೆನೆಸಿದರೆ ಹೊಳಪು ಹೋಗಿ ಎಳೆ ಲಡ್ಡಾಗುತ್ತೆ.