ಸ್ಪೀಕರ್ ಪೆಟ್ಟಿಗೆಗೆ ಕಾರ್ಪೆಟ್ಟೋ, ಲೇಪನವೋ? ಭಾನುವಾರದ ಪ್ರಶ್ನೋತ್ತರ

ನಿರ್ವಾಹಕರು: ಗುಂಪಿನ ಎಲ್ಲರಿಗೂ ನಮಸ್ಕಾರ. ಸ್ವಂತ ಕೈಯಿಂದ ಸ್ಪೀಕರ್ ಪೆಟ್ಟಿಗೆ ಮಾಡಿಕೊಂಡವರು ಅದಕ್ಕೆ ಯಾವ ಹೊದಿಕೆ ಹಾಕಬೇಕು ಎಂಬುದೇ ಇಂದಿನ ವಿಷಯ. ಹುಬ್ಬಳ್ಳಿಯ ಗೋಕುಲ ರಸ್ತೆಯ ಬಳಿ 26 ವರ್ಷಗಳಿಂದ ಪೆಟ್ಟಿಗೆ ಕಟ್ಟುತ್ತಿರುವ ಕಾಕಾ ಅವರು ಉತ್ತರ ಕೊಡುತ್ತಾರೆ. ಪ್ರಶ್ನೆ ಕೇಳುವವರು ಊರಿನ ಹೆಸರು ಹಾಕಿ. ಕೇಳಿದ್ದನ್ನೇ ಮತ್ತೆ ಕೇಳಬೇಡಿ.

ಧಾರವಾಡ, ಸಾಧನಕೇರಿ: ಕಾಕಾ ಅವರೇ, 12 ಇಂಚಿನ ಸ್ಪೀಕರಿಗೆ 18 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಎರಡು ಪೆಟ್ಟಿಗೆ ಮಾಡಿದ್ದೇನೆ. ಎತ್ತರ 60, ಅಗಲ 45, ಆಳ 50 ಸೆಂಟಿಮೀಟರ್. ಮನೆಯಲ್ಲಿ ಇರುತ್ತವೆ, ತಿಂಗಳಿಗೊಮ್ಮೆ ಭಜನೆಗೆ ಹೊರಗೆ ಹೋಗುತ್ತವೆ. ಕಾರ್ಪೆಟ್ ಎಷ್ಟು ತರಬೇಕು?

ಕಾಕಾ: ಅಳತೆ ಕೊಟ್ಟು ಕೇಳಿದ್ದೀರಿ, ಸಂತೋಷ. ಮೇಲೆ, ಕೆಳಗೆ, ಎರಡು ಪಕ್ಕ ಸುತ್ತಿದರೆ 210 ಸೆಂಟಿಮೀಟರ್ ಆಗುತ್ತದೆ. ಕೊನೆಗಳು ಒಂದರ ಮೇಲೊಂದು ಕೂರಲು 5 ಸೇರಿಸಿ. ಆಳ 50ಕ್ಕೆ ಮುಂದೆ ಹಿಂದೆ ಮಡಚಲು ತಲಾ 5. ಅಂದರೆ ಒಂದು ಪೆಟ್ಟಿಗೆಗೆ 215ಕ್ಕೆ 60ರ ಒಂದು ಪಟ್ಟಿ, ಬೆನ್ನಿಗೆ 65ಕ್ಕೆ 50ರ ಒಂದು ತುಂಡು. ಎರಡು ಮೀಟರ್ ಅಗಲದ ಸುರುಳಿಯಲ್ಲಿ 2.2 ಮೀಟರ್ ಕತ್ತರಿಸಿಕೊಂಡರೆ ಎರಡೂ ಪೆಟ್ಟಿಗೆ ಮುಗಿಯುತ್ತವೆ. ಹೆಣೆದ ಕಾರ್ಪೆಟ್ ಬೇಡ, ಅದು ಮೂಲೆಯಲ್ಲಿ ಬಗ್ಗುವುದಿಲ್ಲ. ಸೂಜಿಯಿಂದ ಚುಚ್ಚಿ ಒತ್ತಿದ, ಕೈಯಲ್ಲಿ ಎಳೆದರೆ ಸ್ವಲ್ಪ ಹಿಗ್ಗುವ ತೆಳು ಕಾರ್ಪೆಟ್ ಕೇಳಿ. ಎರಡೂ ಪೆಟ್ಟಿಗೆಗಳಲ್ಲಿ ರೋಮದ ದಿಕ್ಕು ಒಂದೇ ಇರಲಿ, ಇಲ್ಲದಿದ್ದರೆ ಒಂದೇ ಸುರುಳಿಯ ಬಟ್ಟೆ ಎರಡು ಬಣ್ಣದಂತೆ ಕಾಣುತ್ತದೆ.

ಸೇರುವ ಜಾಗ ಕೆಳಭಾಗದಲ್ಲಿ ಬರಲಿ. ಎರಡು ಕೊನೆಗಳನ್ನು ಒಂದರ ಮೇಲೊಂದು ಇಟ್ಟು, ಉಕ್ಕಿನ ಪಟ್ಟಿ ಹಿಡಿದು, ಹೊಸ ಬ್ಲೇಡಿನಿಂದ ಎರಡನ್ನೂ ಒಂದೇ ಏಟಿಗೆ ಕೊಯ್ಯಿರಿ. ಮೇಲಿನ ಮತ್ತು ಒಳಗಿನ ಕತ್ತರಿಕೆ ತೆಗೆದುಹಾಕಿ ಅಂಟಿಸಿದರೆ ಗೆರೆಯೇ ಕಾಣುವುದಿಲ್ಲ. ಸ್ಪೀಕರಿನ ಚೌಕಟ್ಟು ಕೂರುವ ಜಾಗದಲ್ಲಿ ಕಾರ್ಪೆಟ್ ಇರಬಾರದು, ಅಲ್ಲಿಂದ ಗಾಳಿ ಸೋರುತ್ತದೆ. ಮುಂದಿನ ಹಲಗೆಗೆ ಕಪ್ಪು ಬಣ್ಣ ಸಾಕು.

ಒಂದು ಮಾತು. ರಬ್ಬರ್ ಅಂಟಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ಪಕ್ಕದ ಕೋಣೆಯಲ್ಲಿ ದೇವರ ದೀಪ ಉರಿಯುತ್ತಿದ್ದರೂ ಬೆಂಕಿ ಹಿಂದಿರುಗಿ ಡಬ್ಬಿಗೆ ಬರುತ್ತದೆ. ಅಂಗಳದಲ್ಲೇ ಮಾಡಿ.

ರಾಣೆಬೆನ್ನೂರು: ಕಾರ್ಪೆಟ್ ಅಂಟಿಸಲು ಬಿಳಿ ಫೆವಿಕಾಲ್ ನಡೆಯುತ್ತದೆಯೇ?

ಕಾಕಾ: ಇಲ್ಲ. ಬಿಳಿ ಅಂಟು ಹಲಗೆಗೆ ಹಲಗೆ ಸೇರಿಸಲು. ಕಾರ್ಪೆಟ್ಟಿಗೆ ಎಸ್‌ಆರ್ 998ರಂತಹ ರಬ್ಬರ್ ಅಂಟು. ಹಲಗೆಗೂ ಕಾರ್ಪೆಟ್ಟಿನ ಬೆನ್ನಿಗೂ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಿ.

ಕುಂದಗೋಳ: ಕಾರ್ಪೆಟ್ ಹಾಕಿದರೆ ಬಾಸ್ ಹೆಚ್ಚುತ್ತದೆ ಎನ್ನುತ್ತಾರೆ. ನಿಜವೇ?

ಕಾಕಾ: ಇಲ್ಲ. ಬಾಸ್ ಬರುವುದು ಪೆಟ್ಟಿಗೆಯ ಒಳ ಅಳತೆ, ಪೋರ್ಟಿನ, ಅಂದರೆ ಗಾಳಿ ಓಡಾಡುವ ಕೊಳವೆಯ, ಉದ್ದ ಮತ್ತು ಜೋಡಣೆಯ ಬಿಗಿಯಿಂದ. ಹೊದಿಕೆ ಮರವನ್ನು ಕಾಯುತ್ತದೆ, ಅಷ್ಟೇ.

ಬ್ಯಾಡಗಿ: ನಮ್ಮದು ಬಾಡಿಗೆಯ ಧ್ವನಿವರ್ಧಕದ ವ್ಯವಹಾರ. ಎಂಟು ಪೆಟ್ಟಿಗೆಗಳಿಗೂ ಕಾರ್ಪೆಟ್ ಇದೆ. ಮೆಣಸಿನಕಾಯಿ ಮಾರುಕಟ್ಟೆಯ ಹತ್ತಿರವೇ ನಮ್ಮ ಗೋದಾಮು. ಋತುವಿನಲ್ಲಿ ಖಾರದ ಧೂಳೆಲ್ಲ ಕಾರ್ಪೆಟ್ಟಿನಲ್ಲಿ ಕೂತು, ಪೆಟ್ಟಿಗೆ ಎತ್ತುವ ಹುಡುಗರಿಗೆ ಸೀನು ನಿಲ್ಲುವುದಿಲ್ಲ, ಕಣ್ಣು ಉರಿಯುತ್ತದೆ. ಕಿತ್ತು ಲೇಪನ ಮಾಡಿಸಬಹುದೇ?

ಕಾಕಾ: ಮಾಡಿಸಲೇಬೇಕು. ಟೆಂಪೋ ಹತ್ತಿ ಇಳಿಯುವ ಪೆಟ್ಟಿಗೆಗೆ ಕಾರ್ಪೆಟ್ ಹಾಕುವುದನ್ನು ನಾನು ಬಿಟ್ಟು ಬಹಳ ವರ್ಷಗಳಾದವು. ನಮ್ಮ ಎರೆ ಮಣ್ಣಿನ ಕೆಸರು, ಮೆರವಣಿಗೆಯ ಗುಲಾಲು, ಹುಬ್ಬಳ್ಳಿಯ ರಂಗಪಂಚಮಿಯ ಬಣ್ಣ, ಇವು ಒಮ್ಮೆ ರೋಮದೊಳಗೆ ಹೋದರೆ ತೊಳೆದು ತೆಗೆಯಲು ಬರುವುದಿಲ್ಲ. ಮಳೆಯಲ್ಲಿ ನೆನೆದ ಕಾರ್ಪೆಟ್ ಎರಡು ದಿನ ಪ್ಲೈವುಡ್ಡಿಗೆ ನೀರು ಕುಡಿಸುತ್ತಲೇ ಇರುತ್ತದೆ. ಹೊರಗಿನಿಂದ ಚೆನ್ನಾಗಿ ಕಾಣುವ ಪೆಟ್ಟಿಗೆಯ ಕೆಳ ಅಂಚು ಬೆರಳು ಒತ್ತಿದರೆ ಪುಡಿಯಾಗುವುದನ್ನು ನಾನು ಕಂಡಿದ್ದೇನೆ.

ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಟೆಕ್ಸ್ಚರ್ ಲೇಪನ ಬಳಸಿ. ಅಮೆರಿಕದ ಡ್ಯುರಾಟೆಕ್ಸ್, ಜರ್ಮನಿಯ ವಾರ್ನೆಕ್ಸ್ ಈ ಜಾತಿಯವು. ಅದೇ ಗುಣದ ಸರಕು ಇಲ್ಲಿ ಸಿಕ್ಕರೆ ಸಾಕು, ಹೆಸರಿಗೆ ಹಣ ಕೊಡಬೇಕಾಗಿಲ್ಲ. ಅಂಚುಗಳನ್ನು ಮೊದಲು ದುಂಡಾಗಿಸಿ. ಚೂಪು ಅಂಚಿನಲ್ಲಿ ಯಾವ ಲೇಪನವೂ ತೆಳುವಾಗಿ ಕೂತು ಮೊದಲ ಏಟಿಗೇ ಬಿಟ್ಟುಕೊಡುತ್ತದೆ. ಪ್ಲೈವುಡ್ಡಿನ ಪದರ ಕಾಣುವ ಬದಿಗೆ ಪುಟ್ಟಿ ತುಂಬಿ, 80 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಧೂಳು ಒರಸಿ. ಮೊದಲ ಕೈ ತೆಳುವಾಗಿರಲಿ. ಎರಡನೆಯ ಕೈಯನ್ನು ರಂಧ್ರವಿರುವ ಸ್ಪಂಜಿನ ರೋಲರಿನಿಂದ ಹಾಕಿದರೆ ಕಾಳುಕಾಳಾದ ಮೈ ಬರುತ್ತದೆ. ಮುಟ್ಟಿದರೆ ಸಂಜೆಗೇ ಆರಿದಂತೆ ಅನಿಸುತ್ತದೆ, ಆದರೆ ಒಂದು ವಾರ ಒಂದರ ಮೇಲೊಂದು ಪೇರಿಸಬೇಡಿ. ಎರಡು ಪೆಟ್ಟಿಗೆಗಳು ಅಂಟಿಕೊಂಡು, ಬಿಡಿಸುವಾಗ ಮೈ ಸುಲಿದು ಬರುತ್ತದೆ. ಎಂಟು ಮೂಲೆಗೂ ಲೋಹದ ಟೋಪಿ ಹಾಕಿಸಿ.

ಹುಬ್ಬಳ್ಳಿ, ಕೇಶ್ವಾಪುರ: ಕಾಕಾ ಅವರ ಮೇಲೆ ಗೌರವವಿಟ್ಟೇ ಹೇಳುತ್ತೇನೆ. ನಾನು ಹದಿನೈದು ವರ್ಷಗಳಿಂದ ಕಾರ್ಪೆಟ್ ಪೆಟ್ಟಿಗೆಗಳನ್ನೇ ಬಾಡಿಗೆಗೆ ಕೊಡುತ್ತಿದ್ದೇನೆ. ಗೀರು ಬಿದ್ದರೂ ಕಾಣುವುದಿಲ್ಲ. ಲೇಪನಕ್ಕೆ ಗೀರು ಬಿದ್ದರೆ ಬಿಳಿ ಮರ ಎದ್ದು ಕಾಣುತ್ತದೆ.

ಬ್ಯಾಡಗಿ: ಗೀರಿಗೆ ಮತ್ತೊಂದು ಕೈ ಹಚ್ಚಿದರೆ ಮುಗಿಯಿತು. ನಿಮ್ಮ ಕಾರ್ಪೆಟ್ ಹರಿದರೆ ಏನು ಮಾಡುತ್ತೀರಿ?

ಕೇಶ್ವಾಪುರ: ಹರಿಯದಂತೆ ಎತ್ತಿ ಇಳಿಸುವ ಹುಡುಗರನ್ನು ಇಟ್ಟುಕೊಳ್ಳುತ್ತೇನೆ.

ಹಾನಗಲ್ಲು: ಹಳೆಯ ಕಾರ್ಪೆಟ್ ಕಿತ್ತ ಮೇಲೆ ಉಳಿಯುವ ಅಂಟನ್ನು ತೆಗೆಯುವುದು ಹೇಗೆ?

ಲಕ್ಷ್ಮೇಶ್ವರ: ಇದು ಬೇರೆ ಗುಂಪಿನಿಂದ ಬಂದದ್ದು: «ದುಬಾರಿ ಲೇಪನಕ್ಕೆ ಮೋಸ ಹೋಗಬೇಡಿ. ರಸ್ತೆಯ ಡಾಂಬರನ್ನು ಪೆಟ್ರೋಲಿನಲ್ಲಿ ಕರಗಿಸಿ, ಸಣ್ಣ ಮರಳು ಬೆರೆಸಿ ಹಚ್ಚಿ. ಜೀವಮಾನದ ಬಾಳಿಕೆ.» ಹೇಗಿದೆ ಕಾಕಾ?

ಕಾಕಾ: ಇದನ್ನು ಇಲ್ಲಿ ಹಾಕುವ ಮೊದಲು ಒಮ್ಮೆ ಯೋಚಿಸಬೇಕಿತ್ತು. ಪೆಟ್ರೋಲಿನ ತೆರೆದ ಬಕೆಟ್ಟಿನ ಮುಂದೆ ಕೂತು ಕೋಲಿನಿಂದ ಕಲಕುತ್ತಿರುವಾಗ ಯಾರೋ ಬೀಡಿ ಹಚ್ಚುತ್ತಾರೆ. ಬೆಂಕಿ ತಪ್ಪಿದರೂ ಏಪ್ರಿಲ್ ಬಿಸಿಲಿಗೆ ಡಾಂಬರು ಮೆತ್ತಗಾಗಿ ಟೆಂಪೋದ ನೆಲಕ್ಕೆ, ಹುಡುಗರ ಬಟ್ಟೆಗೆ, ಪಕ್ಕದ ಪೆಟ್ಟಿಗೆಗೆ ಅಂಟುತ್ತದೆ. ಅದರ ಮೇಲೆ ಮುಂದೆ ಯಾವ ಬಣ್ಣವೂ ನಿಲ್ಲುವುದಿಲ್ಲ. ದಯವಿಟ್ಟು ಯಾರೂ ಮಾಡಬೇಡಿ, ಮುಂದಕ್ಕೂ ಕಳಿಸಬೇಡಿ.

ಗದಗ, ಬೆಟಗೇರಿ: ಕಾಕಾ ಅವರೇ, ನನ್ನ ತಮ್ಮ ಕಾರಿನ ಬಣ್ಣದವರಿಂದ ಎರಡು ಡಬ್ಬಿಯ ಲೇಪನ ತಂದಿದ್ದಾನೆ. ಒಂದು ಬಣ್ಣ, ಇನ್ನೊಂದು ಅದನ್ನು ಗಟ್ಟಿಯಾಗಿಸುವ ಹಾರ್ಡನರ್. ಲಾರಿಯ ಹಿಂಭಾಗಕ್ಕೆ ಹೊಡೆಯುವ ಪಾಲಿಯುರೆಥೇನ್ ಎಂದು ಹೇಳಿದರಂತೆ. ಮೊನ್ನೆ ಹಿಂದಿನ ಕೋಣೆಯ ಕಿಟಕಿ ಮುಚ್ಚಿ, ಧೂಳು ಬೀಳಬಾರದೆಂದು, ಸ್ಪ್ರೇ ಗನ್ನಿನಿಂದ ಎರಡು ಪೆಟ್ಟಿಗೆಗೆ ಹೊಡೆದ. ಮೈ ಕಲ್ಲಿನಂತೆ ಗಟ್ಟಿಯಾಗಿದೆ, ಬಹಳ ಚೆನ್ನಾಗಿ ಬಂದಿದೆ. ಆದರೆ ಎರಡು ರಾತ್ರಿಯಿಂದ ಅವನಿಗೆ ಕೆಮ್ಮು, ಎದೆ ಬಿಗಿಯುತ್ತದೆ ಎನ್ನುತ್ತಾನೆ. ಹಗಲು ಆರಾಮವಾಗಿರುತ್ತಾನೆ. ಇನ್ನೆರಡು ಪೆಟ್ಟಿಗೆ ಉಳಿದಿವೆ, ನಾಳೆ ಹೊಡೆಯಬೇಕು ಎಂದಿದ್ದಾನೆ. ಎರಡನೆಯ ಕೈ ಎಷ್ಟು ಹೊತ್ತು ಬಿಟ್ಟು ಹಾಕಬೇಕು?

ಕಾಕಾ: ಎರಡನೆಯ ಕೈಯ ಮಾತು ಬಿಡಿ. ಮೊದಲು ತಮ್ಮನನ್ನು ಇಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಡಬ್ಬಿಯ ಮೇಲಿನ ಚೀಟಿಯ ಫೋಟೋ ತೆಗೆದುಕೊಂಡು ಹೋಗಿ, ವೈದ್ಯರಿಗೆ «ಐಸೋಸಯನೇಟ್ ಇರುವ ಹಾರ್ಡನರನ್ನು ಮುಚ್ಚಿದ ಕೋಣೆಯಲ್ಲಿ ಸ್ಪ್ರೇ ಮಾಡಿದ್ದಾನೆ» ಎಂದು ಇದೇ ಶಬ್ದಗಳಲ್ಲಿ ಹೇಳಿ. ಬರಿ «ಬಣ್ಣದ ವಾಸನೆ» ಎಂದರೆ ಕೆಮ್ಮಿನ ಔಷಧ ಕೊಟ್ಟು ಕಳಿಸಿಬಿಡಬಹುದು.

ಈಗ ಕಾರಣ ಹೇಳುತ್ತೇನೆ, ಎಲ್ಲರೂ ಓದಿ. ಹಾರ್ಡನರಿನಲ್ಲಿರುವ ಐಸೋಸಯನೇಟ್ ಬಣ್ಣದೊಂದಿಗೆ ಕೂಡಿ ಗಟ್ಟಿಯಾದ ಮೇಲೆ ಸುಮ್ಮನಿರುತ್ತದೆ. ಹಸಿಯಿರುವಾಗ, ಅದರಲ್ಲೂ ಗನ್ನಿನಿಂದ ಮಂಜಾಗಿ ಹಾರುವಾಗ, ಶ್ವಾಸಕೋಶದ ಆಳಕ್ಕೆ ಹೋಗುತ್ತದೆ. ತೊಂದರೆ ಆ ಕ್ಷಣಕ್ಕೆ ತಿಳಿಯದೆ ಎಷ್ಟೋ ಗಂಟೆಗಳ ನಂತರ, ರಾತ್ರಿ ಮಲಗಿದಾಗ ಕಾಣಿಸಿಕೊಳ್ಳಬಹುದು. ನಿಮ್ಮ ತಮ್ಮ ಹಗಲು ಆರಾಮವಾಗಿದ್ದಾನೆ ಎಂದು ನೀವು ಬರೆದದ್ದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಒಮ್ಮೆ ದೇಹ ಅದಕ್ಕೆ ಮುನಿದುಕೊಂಡರೆ ಮುಂದೆ ಸ್ವಲ್ಪವೇ ಮೂಗಿಗೆ ಹೋದರೂ ಉಬ್ಬಸ ಬರುತ್ತದೆ. ಕಾರಿಗೆ ಬಣ್ಣ ಹೊಡೆಯುವವರಲ್ಲಿ ಆಸ್ತಮಾ ಬರಲು ಇದೊಂದು ತಿಳಿದಿರುವ ಕಾರಣ. ನನ್ನ ಜೊತೆ ಕೆಲಸ ಕಲಿತ ಒಬ್ಬ ಹುಡುಗ ಹೀಗೆಯೇ ಆಗಿ ಬಣ್ಣದ ಕೆಲಸ ಬಿಟ್ಟ. ಇಂದಿಗೂ ಅಂಗಡಿಯ ಬಾಗಿಲಲ್ಲಿ ನಿಂತೇ ನನ್ನನ್ನು ಮಾತನಾಡಿಸಿ ಹೋಗುತ್ತಾನೆ, ಒಳಗೆ ಬರುವುದಿಲ್ಲ.

ಬಟ್ಟೆ ಕಟ್ಟಿಕೊಂಡರೆ, ಒದ್ದೆ ಟವೆಲ್ ಸುತ್ತಿಕೊಂಡರೆ, ಕೊರೊನಾ ಕಾಲದ ಎನ್95 ಹಾಕಿಕೊಂಡರೆ ಆವಿ ನಿಲ್ಲುವುದಿಲ್ಲ. ಈ ಕೆಲಸ ಮಾಡುವ ದೊಡ್ಡ ಕಡೆಗಳಲ್ಲಿ ಹೊರಗಿನಿಂದ ಕೊಳವೆಯಲ್ಲಿ ಶುದ್ಧ ಗಾಳಿ ಕೊಡುವ ಮುಖವಾಡ, ಗಾಳಿ ಹೊರಗೆಳೆಯುವ ಬೂತ್ ಇರುತ್ತವೆ. ಮನೆಯ ಹಿಂದಿನ ಕೋಣೆ ಅದಕ್ಕೆ ಜಾಗವಲ್ಲ. ಉಳಿದ ಎರಡು ಪೆಟ್ಟಿಗೆಗಳನ್ನು ಅಕ್ರಿಲಿಕ್ ಲೇಪನದಿಂದ ಮುಗಿಸಿ. ಬಣ್ಣದ ಹೊಳಪು ಸ್ವಲ್ಪ ಬೇರೆ ಕಂಡರೆ ಕಾಣಲಿ.

ಇನ್ನೊಂದು. ಹಾರ್ಡನರ್ ಡಬ್ಬಿಗೆ ನೀರು ಬಿದ್ದಿದ್ದರೆ ಮುಚ್ಚಳ ಬಿಗಿಯಬೇಡಿ. ನೀರಿನೊಂದಿಗೆ ಸೇರಿ ಅನಿಲ ಹುಟ್ಟುತ್ತದೆ, ಡಬ್ಬಿ ಉಬ್ಬಿ ಒಡೆಯುತ್ತದೆ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆಯೇ?

ನರಗುಂದ: ಇಷ್ಟು ಹೆದರಿಸಬೇಕಾಗಿಲ್ಲ. ಬಣ್ಣದ ಕೆಲಸದವರು ರಾತ್ರಿ ಒಂದು ತುಂಡು ಬೆಲ್ಲ ತಿಂದು ಬಿಸಿ ಹಾಲು ಕುಡಿಯುತ್ತಾರೆ, ಎದೆಯಲ್ಲಿದ್ದದ್ದೆಲ್ಲ ಇಳಿದು ಹೋಗುತ್ತದೆ. ಇದರ ವಿಡಿಯೋ ಸಹ ನನ್ನ ಬಳಿ ಇದೆ, ಹಾಕಲೇ?

ಕಾಕಾ: ಹಾಕಬೇಡಿ. ಬೆಲ್ಲ, ಹಾಲು ಹೋಗುವುದು ಹೊಟ್ಟೆಗೆ. ಆ ಹುಡುಗನ ತೊಂದರೆ ಶ್ವಾಸಕೋಶದಲ್ಲಿದೆ. ನಿಮ್ಮ ಮಾತು ನಂಬಿ ಇನ್ನೊಂದು ರಾತ್ರಿ ಕಾದರೆ, ಆ ರಾತ್ರಿ ಉಸಿರು ಕಟ್ಟಿದರೆ, ನೀವು ನರಗುಂದದಿಂದ ಬರುತ್ತೀರಾ?

ನರಗುಂದ: ನಮ್ಮ ಹಿರಿಯರೆಲ್ಲ ದಡ್ಡರೇ ಹಾಗಾದರೆ?

ಧಾರವಾಡ, ಸಾಧನಕೇರಿ: ಹಿರಿಯರ ಕಾಲದಲ್ಲಿ ಈ ಹಾರ್ಡನರ್ ಇರಲಿಲ್ಲ. ಅವರನ್ನು ಏಕೆ ಎಳೆಯುತ್ತೀರಿ?

ಕೇಶ್ವಾಪುರ: ನೋಡಿ, ಲೇಪನದ ಹಣೆಬರಹ ಇದೇ. ಕಾರ್ಪೆಟ್ ಹಾಕಿದವರು ಯಾರೂ ಆಸ್ಪತ್ರೆಗೆ ಹೋಗಿಲ್ಲ.

ಬ್ಯಾಡಗಿ: ಕಾಕಾ ಹೇಳಿದ್ದು ನೀರಿನ ಲೇಪನ, ಆ ಹುಡುಗ ಹೊಡೆದದ್ದು ಬೇರೆ. ಓದದೆ ಬರೆಯಬೇಡಿ. ನಿಮ್ಮ ಕಾರ್ಪೆಟ್ ಪೆಟ್ಟಿಗೆಗಳನ್ನು ಕಳೆದ ಗಣೇಶ ಹಬ್ಬದಲ್ಲಿ ನಾನೇ ನೋಡಿದ್ದೇನೆ, ಇಲಿ ಕಡಿದ ಜಾಗಕ್ಕೆ ಕಪ್ಪು ಟೇಪ್ ಹಚ್ಚಿತ್ತು.

ಕೇಶ್ವಾಪುರ: ಆ ಪೆಟ್ಟಿಗೆ ನನ್ನದಲ್ಲ, ಬೇರೆಯವರಿಂದ ತಂದದ್ದು. ಗೊತ್ತಿಲ್ಲದೆ ಗುಂಪಿನಲ್ಲಿ ಮರ್ಯಾದೆ ತೆಗೆಯಬೇಡಿ. ನೀವು ಬಾಡಿಗೆಯ ದರ ಇಳಿಸಿ ಇಳಿಸಿ ಇಡೀ ಜಿಲ್ಲೆಯ ವ್ಯವಹಾರ ಹಾಳು ಮಾಡಿದ್ದು ಎಲ್ಲರಿಗೂ ಗೊತ್ತು.

ಬ್ಯಾಡಗಿ: ದರದ ಮಾತು ಇಲ್ಲೇಕೆ? ಹಾಗಿದ್ದರೆ ರಾತ್ರಿ 10ರ ನಂತರವೂ ಬಾರಿಸಿ ಪೊಲೀಸರು ಪೆಟ್ಟಿಗೆ ಎತ್ತಿಕೊಂಡು ಹೋದದ್ದನ್ನೂ ಹೇಳಲೇ?

ನಿರ್ವಾಹಕರು: ಇಬ್ಬರೂ ನಿಲ್ಲಿಸಿ. ವಿಷಯ ಹೊದಿಕೆ.

ಶಿಗ್ಗಾವಿ: ಕಾರ್ಪೆಟ್ ಹಾಕಿದರೆ ಬಾಸ್ ಹೆಚ್ಚು ಬರುತ್ತದೆಯೇ ಸರ್?

ಕಾಕಾ: ಕುಂದಗೋಳದವರಿಗೆ ಹೇಳಿದ್ದೇನೆ.

ಹಾನಗಲ್ಲು: ಹಳೆಯ ಅಂಟು ತೆಗೆಯುವ ಬಗ್ಗೆ ಕೇಳಿದ್ದೆ.

ಮುಂಡರಗಿ: ರೆಕ್ಸಿನ್ ಹೇಗೆ? ನಮ್ಮ ನಾಟಕದ ಹಾರ್ಮೋನಿಯಂ ಪೆಟ್ಟಿಗೆಗೆ ಹಾಕಿದ್ದು ಮೂವತ್ತು ವರ್ಷ ಬಂದಿದೆ.

ಕಾಕಾ: ಹಾರ್ಮೋನಿಯಂ ಪೆಟ್ಟಿಗೆಯನ್ನು ತಬ್ಬಿಕೊಂಡು ಒಯ್ಯುತ್ತೀರಿ, ಸ್ಪೀಕರ್ ಪೆಟ್ಟಿಗೆಯನ್ನು ಎಳೆಯುತ್ತೀರಿ. ಮನೆಗೆ ಆಗುತ್ತದೆ, ಒದ್ದೆ ಬಟ್ಟೆಯಿಂದ ಒರಸಬಹುದು. ಮೂಲೆಯಲ್ಲಿ ಒಮ್ಮೆ ಹರಿದರೆ ಹರಿಯುತ್ತಲೇ ಹೋಗುತ್ತದೆ.

ರಾಣೆಬೆನ್ನೂರು: ರಬ್ಬರ್ ಅಂಟು ನಮ್ಮ ಊರಿನಲ್ಲಿ ತುಟ್ಟಿ. ಬಿಳಿ ಫೆವಿಕಾಲನ್ನೇ ದಪ್ಪಗೆ ಹಚ್ಚಿದರೆ?

ಕಾಕಾ: ಮಳೆಗೆ ಬಿಟ್ಟುಕೊಳ್ಳುತ್ತದೆ. ಮೂರನೆಯ ಸಲ ಕೇಳಬೇಡಿ.

ರಾಣೆಬೆನ್ನೂರು: ಕೇಳುವುದಕ್ಕೇ ಅಲ್ಲವೇ ಗುಂಪು? ದೊಡ್ಡವರು ಇಷ್ಟು ಸಿಟ್ಟಾಗಬಾರದು.

ನರಗುಂದ: ನಾನೂ ಅದನ್ನೇ ಹೇಳಿದ್ದು. ಅವರಿಗೆ ಬೇರೆಯವರ ಮಾತು ಹಿಡಿಸುವುದಿಲ್ಲ.

ಕಾಕಾ: ಸಿಟ್ಟು ಬಂದಿದೆ, ನಿಜ. ಬೆಟಗೇರಿಯವರು ಬರೆದು ಎರಡು ಗಂಟೆಯಾಯಿತು. ನಡುವೆ ನಲವತ್ತು ಮಾತು ಬಂದವು, ಟೇಪು, ಬಾಡಿಗೆ, ಪೊಲೀಸರು. ಆ ಹುಡುಗ ಹೇಗಿದ್ದಾನೆ ಎಂದು ಒಬ್ಬರೂ ಕೇಳಲಿಲ್ಲ. ಬೆಟಗೇರಿಯವರೇ, ಆಸ್ಪತ್ರೆಗೆ ಹೋದಿರಾ?

ಕೇಶ್ವಾಪುರ: ಹೌದು, ತಪ್ಪಾಯಿತು. ತಮ್ಮ ಹೇಗಿದ್ದಾರೆ?

ಗದಗ, ಬೆಟಗೇರಿ: ಈಗ ಆಸ್ಪತ್ರೆಯಲ್ಲೇ ಇದ್ದೇವೆ. ಡಬ್ಬಿಯ ಫೋಟೋ ತೋರಿಸಿದೆ, ವೈದ್ಯರು ಎರಡು ಸಲ ಓದಿದರು. ಆವಿಯ ಮೂಲಕ ಔಷಧ ಕೊಡುತ್ತಿದ್ದಾರೆ. ರಾತ್ರಿ ಇಲ್ಲೇ ಇರಬೇಕಂತೆ. ಮನೆಯಲ್ಲಿ ಅಕ್ಕನ ಮಗಳಿದ್ದಾಳೆ, ನಾಲ್ಕು ವರ್ಷ. ಪೆಟ್ಟಿಗೆಗಳು ಇನ್ನೂ ಆ ಕೋಣೆಯಲ್ಲೇ ಇವೆ. ಗನ್ ತೊಳೆಯದೆ ಹಾಗೆಯೇ ಇಟ್ಟಿದ್ದಾನೆ, ಅದನ್ನು ಯಾರಾದರೂ ತೊಳೆದಿಡಬೇಕೇ?

ಕಾಕಾ: ಬೇಡ ತಮ್ಮಾ, ಗನ್ ಮುಟ್ಟಬೇಡಿ. ಅದು ಒಳಗೇ ಗಟ್ಟಿಯಾಗಿ ಹಾಳಾದರೆ ಆಗಲಿ. ಮನೆಗೆ ಫೋನ್ ಮಾಡಿ ಆ ಕೋಣೆಯ ಹೊರಬಾಗಿಲು, ಕಿಟಕಿ ತೆರೆಯಲು ಹೇಳಿ. ಮನೆಯೊಳಗಿನ ಬಾಗಿಲು ಮುಚ್ಚಿರಲಿ, ಮಗು ಆ ಕಡೆ ಹೋಗದಿರಲಿ. ಮಂಗಳವಾರ ನಾನು ಗದಗಿಗೆ ಬರುವುದಿದೆ. ಡಬ್ಬಿ, ಗನ್, ಪೆಟ್ಟಿಗೆ ಎಲ್ಲವನ್ನೂ ನಾನೇ ನೋಡುತ್ತೇನೆ, ಅಲ್ಲಿಯವರೆಗೆ ಹಾಗೆಯೇ ಬಿಡಿ. ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡಿ.