ಜಾಕ್ ಜೋಡಿ, ಎದುರಿಗೆ ಆಲ್-ಇನ್: ನನ್ನ ಈಕ್ವಿಟಿ ಲೆಕ್ಕ ಸರಿನಾ?

ಗುಲಾಮರ_ಜೋಡಿ:
ಪೋಕರ್ ಟೂರ್ನಮೆಂಟ್‌ನ ಶುರುವಿನ ಹೊತ್ತು, ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಕಟ್ಟಲೇಬೇಕಾದ ಪಣ) 50/100. ನನ್ನ ಕೈಯಲ್ಲಿ ಎರಡು ಜಾಕ್, ಪಣವನ್ನು 300ಕ್ಕೆ ಏರಿಸಿದೆ. ಬಟನ್‌ನಲ್ಲಿ (ಡೀಲರ್ ಜಾಗದಲ್ಲಿ) ಇದ್ದವನು ತನ್ನ 2,500 ಚಿಪ್ ಪೂರ್ತಿ ತಳ್ಳಿಬಿಟ್ಟ, ಅಂದರೆ ಆಲ್-ಇನ್. ಬ್ಲೈಂಡ್‌ನವರಿಬ್ಬರೂ ಫೋಲ್ಡ್ (ಎಲೆ ಎಸೆದರು). ನನ್ನ ಹತ್ತಿರವೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ಅವನು ಬಿಗಿ ಆಟಗಾರ, ಅರ್ಧ ಗಂಟೆಯಿಂದ ಎಲೆ ಎಸೆಯುವುದೇ ಅವನ ಕೆಲಸ. ಕ್ವೀನ್, ಕಿಂಗ್, ಏಸ್ ಜೋಡಿ, ಇಲ್ಲಾಂದ್ರೆ ಏಸ್-ಕಿಂಗ್, ಇಷ್ಟೇ ಇರಬೇಕು ಅಂದುಕೊಂಡೆ. ದೊಡ್ಡ ಜೋಡಿ ಇದ್ದರೆ ನನ್ನ ಈಕ್ವಿಟಿ, ಅಂದರೆ ಗೆಲ್ಲುವ ಪಾಲು, ಸುಮಾರು 19%, ಏಸ್-ಕಿಂಗ್ ಇದ್ದರೆ ಸುಮಾರು 56%. ಮೂರು ಸಲ 19, ಒಂದು ಸಲ 56 ಕೂಡಿಸಿ ನಾಲ್ಕರಿಂದ ಭಾಗಿಸಿದೆ, 28% ಬಂತು. ಫೋಲ್ಡ್ ಮಾಡಿದೆ. ಅವನು ಏಸ್-ಕ್ವೀನ್ ತೋರಿಸಿ ನಕ್ಕ. ಲೆಕ್ಕ ತಪ್ಪಿದ್ದು ಎಲ್ಲಿ?

ಎಲೆ_ಎಣಿಸುವವ:
ಭಾಗಾಕಾರದಲ್ಲಿ. ಹೆಸರು ನಾಲ್ಕು ಇರಬಹುದು, ಆದರೆ ನಾಲ್ಕೂ ಒಂದೇ ಸಮ ಬರಲ್ಲ. ಕ್ವೀನ್ ಜೋಡಿ 6 ಥರ ಆಗಬಹುದು, ಕಿಂಗ್ 6, ಏಸ್ 6. ಏಸ್-ಕಿಂಗ್ ಮಾತ್ರ 16 ಥರ, ಯಾಕೆಂದರೆ ನಾಲ್ಕು ಏಸ್‌ನಲ್ಲಿ ಪ್ರತಿಯೊಂದಕ್ಕೂ ನಾಲ್ಕು ಕಿಂಗ್ ಜೊತೆಯಾಗಬಹುದು. ಅಂದರೆ ಒಟ್ಟು 34 ಕಾಂಬೊದಲ್ಲಿ (ಎರಡೆಲೆಯ ಜೋಡಣೆಗಳಲ್ಲಿ) 18 ನಿಮ್ಮನ್ನು ತುಳಿಯುತ್ತವೆ, 16ರ ಎದುರು ನೀವೇ ಮುಂದೆ. 18ನ್ನು 19ರಿಂದ, 16ನ್ನು 56ರಿಂದ ಗುಣಿಸಿ, ಕೂಡಿಸಿ, 34ರಿಂದ ಭಾಗಿಸಿ: 36%.

ಈಗ ಕಾಲ್ ಮಾಡುವ, ಅಂದರೆ ಅವನ ಪಣಕ್ಕೆ ಸರಿಗಟ್ಟುವ ಬೆಲೆ. ನಿಮ್ಮ 300, ಅವನ 2,500, ಬ್ಲೈಂಡ್ 150, ಪಾಟ್‌ನಲ್ಲಿ (ಮಧ್ಯದ ಪಣದ ರಾಶಿಯಲ್ಲಿ) 2,950 ಇದೆ. ನೀವು ಹಾಕಬೇಕಾದ್ದು ಇನ್ನೂ 2,200. 5,150ರಲ್ಲಿ 2,200 ಅಂದರೆ ಸುಮಾರು 43% ಬೇಕು. ಹಾಗಾಗಿ ನೀವು ಅಂದುಕೊಂಡ ರೇಂಜ್ (ಅವನ ಕೈಯಲ್ಲಿ ಇರಬಹುದಾದ ಎಲೆಗಳ ಪಟ್ಟಿ) ನಿಜವಾಗಿದ್ದರೆ ಫೋಲ್ಡ್ ಸರಿಯೇ. ತಪ್ಪು ಲೆಕ್ಕದಿಂದ ಸರಿ ಉತ್ತರ, ಅದೃಷ್ಟ ನಿಮ್ಮದು.

ನಿಧಾನಸ್ಥ:
ಆ ರೇಂಜ್ ನಿಜವಾಗಿದ್ದರೆ ತಾನೇ! ದೊಡ್ಡ ಬ್ಲೈಂಡ್‌ನ 25 ಪಟ್ಟು ಚಿಪ್ ಇಟ್ಟುಕೊಂಡು ಬಟನ್‌ನಲ್ಲಿ ಕೂತವನು ಅಷ್ಟೊಂದು ಬಿಗಿಯಾಗಿ ಇರುತ್ತಾನಾ? ಅವನ ರೇಂಜ್‌ಗೆ ಏಸ್-ಕ್ವೀನ್‌ನ 16 ಕಾಂಬೊ ಸೇರಿಸಿ ನೋಡಿ, ನಿಮ್ಮ ಪಾಲು ಸುಮಾರು 43ಕ್ಕೆ ಬರುತ್ತದೆ, ಕಾಲ್ ಮಾಡಿದರೂ ಒಂದೇ ಬಿಟ್ಟರೂ ಒಂದೇ. ಅದರ ಮೇಲೆ ಹತ್ತರ ಜೋಡಿಯ 6 ಸೇರಿಸಿದರೆ 47 ಆಗುತ್ತದೆ, ಆಗ ಕಣ್ಣುಮುಚ್ಚಿ ಕಾಲ್. ಬರೀ 6 ಕಾಂಬೊ ಇಷ್ಟು ಕೆಲಸ ಮಾಡಲು ಕಾರಣ, ಅವುಗಳ ಎದುರು ನಿಮಗೆ 81% ಇದೆ. ಏಸ್-ಕ್ವೀನ್ ಎಲ್ಲ ಸಲ ತಳ್ಳುವುದಿಲ್ಲ, ಅರ್ಧ ಸಲ ಮಾತ್ರ ಅನಿಸಿದರೆ 16ರ ಬದಲು 8 ಅಂತ ಎಣಿಸಿ, ಅಷ್ಟೇ.

ಆದರೆ ಬಹುಮಾನದ ಗಡಿ ಹತ್ತಿರ ಇದ್ದಿದ್ದರೆ ಈ 43 ಸಾಲದು. ಅಲ್ಲಿ ಗೆದ್ದ ಚಿಪ್‌ಗಿಂತ ಕಳೆದುಕೊಂಡ ಚಿಪ್ ದುಬಾರಿ.

ಗುಲಾಮರ_ಜೋಡಿ:
ಅಯ್ಯೋ, ಇದನ್ನೆಲ್ಲ ಹದಿನೈದು ಸೆಕೆಂಡಿನಲ್ಲಿ ಮಾಡೋದು ಹೇಗೆ?

ಎಲೆ_ಎಣಿಸುವವ:
ಮಾಡಬೇಡಿ. ಜೋಡಿಗೆ 6, ಜೋಡಿ ಅಲ್ಲದ್ದಕ್ಕೆ 16, ಇಷ್ಟು ನೆನಪಿದ್ದರೆ ಸಾಕು. 18 ಮತ್ತು 16 ಹೆಚ್ಚುಕಡಿಮೆ ಅರ್ಧರ್ಧ, 19 ಮತ್ತು 56ರ ಮಧ್ಯ 37 ಅಲ್ವಾ? ಒಂದು ಪರ್ಸೆಂಟ್ ಆಚೀಚೆ ಆದರೇನು, ರೇಂಜ್ ಊಹೆಯಲ್ಲೇ ಅದಕ್ಕಿಂತ ಜಾಸ್ತಿ ತಪ್ಪುತ್ತೇವೆ. ಮನೆಗೆ ಬಂದು ಈಕ್ವಿಲ್ಯಾಬ್‌ನಲ್ಲಿ (ಈಕ್ವಿಟಿ ಲೆಕ್ಕ ಹಾಕುವ ಸಾಫ್ಟ್‌ವೇರ್‌ನಲ್ಲಿ) ಹಾಕಿ ನೋಡಿ.

ಫ್ಲಾಪ್_ನೋಡೋಣ:
ನಡುವೆ ಬಾಯಿ ಹಾಕುತ್ತೇನೆ. ನಿಮ್ಮ ಕೈಯಲ್ಲಿ ಜಾಕ್ ಬದಲು ಬೇರೆ ಬೇರೆ ಸೂಟ್‌ನ ಏಸ್-ಕಿಂಗ್ ಇದ್ದಿದ್ದರೆ, ಅದೇ ಬಿಗಿ ರೇಂಜ್ ಎದುರು ಸುಮಾರು 39%. ಜೋಡಿಗಿಂತ ಮೇಲು! ಒಂದು ಏಸ್, ಒಂದು ಕಿಂಗ್ ನಿಮ್ಮ ಹತ್ತಿರವೇ ಇರುವುದರಿಂದ ಅವನ ಏಸ್ ಜೋಡಿ 6ರಿಂದ 3ಕ್ಕೆ ಇಳಿಯುತ್ತದೆ, ಕಿಂಗ್ ಜೋಡಿಯೂ 3ಕ್ಕೆ, ಏಸ್-ಕಿಂಗ್ 9ಕ್ಕೆ. ನಿಮ್ಮ ಜಾಕ್‌ಗಳು ಆ 34ರಲ್ಲಿ ಒಂದನ್ನೂ ತಡೆಯಲ್ಲ.

ಗುಲಾಮರ_ಜೋಡಿ:
ಇವತ್ತಿಂದ ಹೆಸರು ಬದಲಾಯಿಸುತ್ತೇನೆ.